ಹವಾಮಾನ ನಿಧಿಯ ಹಣವನ್ನು ತಳಮಟ್ಟದ ಮಹಿಳಾ ಉದ್ಯಮಿಯ ಕೈಗೆ ತಲುಪಿಸುವುದು ಹೇಗೆ?

ಸೌರ ಯಂತ್ರದಲ್ಲಿ ಹಣ್ಣು, ತರಕಾರಿ ಒಣಗಿಸಿ ಮಾರುವವರು, ಸೌರದೀಪ ರಿಪೇರಿ ಮಾಡಿಕೊಡುವವರು, ಸಸಿ ಬೆಳೆಸುವವರು, ಎರೆಗೊಬ್ಬರ ತಯಾರಿಸುವವರು, ಹೊಗೆ ಕಡಿಮೆ ಬರುವ ಒಲೆ ಕಟ್ಟಿಕೊಡುವವರು, ಕಸ ವಿಂಗಡಿಸಿ ಮರುಬಳಕೆಗೆ ಕಳಿಸುವವರು – ಇಂಥ ಕೆಲಸಗಳಲ್ಲಿ ತೊಡಗಿರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತಮ್ಮನ್ನು ‘ಹಸಿರು ಉದ್ಯಮಿ’ ಎಂದು ಕರೆದುಕೊಳ್ಳುವುದಿಲ್ಲ. ಆದರೆ ಆ ಹೆಸರಿನಲ್ಲಿ ಜಗತ್ತಿನಾದ್ಯಂತ ಮೀಸಲಾಗಿರುವ ಹಣದಲ್ಲಿ ಅವರಿಗೆ ನ್ಯಾಯವಾದ ಪಾಲಿದೆ. ಆ ಪಾಲನ್ನು ತಲುಪಿಸುವ ಹೊಣೆ ನಡುವೆ ನಿಂತವರದು, ಅಂದರೆ ಸ್ವಸಹಾಯ ಗುಂಪುಗಳ ಒಕ್ಕೂಟ, ಸಹಕಾರ ಸಂಘ, ಸಣ್ಣ ಬ್ಯಾಂಕು, ಸ್ವಯಂಸೇವಾ ಸಂಸ್ಥೆ ಮತ್ತು ಸ್ಥಳೀಯ ಆಡಳಿತದವರದು. ಈ ಬರಹ ಅವರಿಗಾಗಿ.

ಹಣವೇ ಇಲ್ಲವೆಂಬುದು ಅರ್ಧ ಸತ್ಯ ಮಾತ್ರ. ಹವಾಮಾನ ಬದಲಾವಣೆಯನ್ನು ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟಿದ್ದವು. ಆ ಮೊತ್ತ ಮೊದಲ ಬಾರಿಗೆ ಪೂರ್ತಿಯಾದದ್ದು 2022ರಲ್ಲಿ. 2024ರಲ್ಲಿ ಬಾಕುವಿನಲ್ಲಿ ನಡೆದ ಹವಾಮಾನ ಸಮಾವೇಶ 2035ರೊಳಗೆ ಇದನ್ನು ವರ್ಷಕ್ಕೆ 30,000 ಕೋಟಿ ಡಾಲರ್‌ಗೆ ಏರಿಸುವ ಗುರಿ ಇಟ್ಟಿತು. ಅಗತ್ಯಕ್ಕೆ ಹೋಲಿಸಿದರೆ ಇದು ಸಾಲದು, ನಿಜ. ಆದರೆ ಬರುವ ಹಣವೂ ಕೆಳಕ್ಕೆ ಇಳಿಯುತ್ತಿಲ್ಲ. 2003ರಿಂದ 2016ರವರೆಗಿನ ಅಂತರರಾಷ್ಟ್ರೀಯ ಹವಾಮಾನ ನಿಧಿಗಳ ಲೆಕ್ಕ ಹಾಕಿದವರು, ಸ್ಥಳೀಯ ಮಟ್ಟಕ್ಕೆಂದು ಮಂಜೂರಾದದ್ದು ಶೇ. 10ಕ್ಕಿಂತ ಕಡಿಮೆ ಎಂದು ತೋರಿಸಿದ್ದಾರೆ. ಕಾರಣ ಬಹುಮಟ್ಟಿಗೆ ಅಳತೆಯದು. ಹವಾಮಾನ ಯೋಜನೆಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ‘ಹಸಿರು ಹವಾಮಾನ ನಿಧಿ’ಯ ವರ್ಗೀಕರಣದಲ್ಲಿ ಅತ್ಯಂತ ಸಣ್ಣ ಯೋಜನೆಯೆಂದರೆ ಒಂದು ಕೋಟಿ ಡಾಲರ್‌ವರೆಗಿನದು. ಒಣಗಿಸುವ ಯಂತ್ರವೊಂದನ್ನು ಕೊಳ್ಳಬೇಕಾದವಳಿಗೆ ಬೇಕಿರುವುದು ಕೆಲವೇ ನೂರು ಡಾಲರ್‌ನಷ್ಟು ಸಾಲ. ಅಷ್ಟು ಸಣ್ಣ ಸಾಲವನ್ನು ಪರಿಶೀಲಿಸುವುದು ನಿಧಿಗೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಅಷ್ಟು ದೊಡ್ಡ ಅರ್ಜಿಯನ್ನು ಬರೆಯುವುದು ಆಕೆಗೆ ಆಗದ ಮಾತು.

ಆದ್ದರಿಂದ ಹಲವು ಸಂಸ್ಥೆಗಳು ನಿಧಿಯ ಷರತ್ತುಗಳನ್ನು ಓದಿಕೊಂಡು, ಅದಕ್ಕೆ ಹೊಂದುವಂಥ ಮಹಿಳೆಯರನ್ನು ಹುಡುಕಿಕೊಂಡು ಹೊರಡುತ್ತವೆ. ನಾನು ಹೇಳಬಯಸುವುದು ಇದಕ್ಕೆ ತದ್ವಿರುದ್ಧವಾದದ್ದು. ಆಕೆಯ ಲೆಕ್ಕಪುಸ್ತಕದಿಂದ ಆರಂಭಿಸಬೇಕು, ಅದರ ಅಳತೆಗೆ ಸಾಲವನ್ನು ಹೊಲಿಯಬೇಕು, ಅಂಥ ನೂರಾರು ಸಾಲಗಳನ್ನು ಒಟ್ಟುಗೂಡಿಸಿಕೊಂಡು ನಿಧಿಯ ಬಾಗಿಲಿಗೆ ಹೋಗಬೇಕು.

ಮೊದಲು ಹನ್ನೆರಡು ತಿಂಗಳ ಲೆಕ್ಕ

ಆಕೆ ಕೆಲಸ ಮಾಡುವ ಜಾಗಕ್ಕೇ ಹೋಗಿ, ಆಕೆಗೆ ಬಿಡುವಿರುವ ಹೊತ್ತಿನಲ್ಲಿ ಕುಳಿತು, ಕಳೆದ ಹನ್ನೆರಡು ತಿಂಗಳ ಆದಾಯ ಮತ್ತು ಖರ್ಚನ್ನು ತಿಂಗಳು ತಿಂಗಳಾಗಿ ಬರೆದುಕೊಳ್ಳಿ. ಲಿಖಿತ ಲೆಕ್ಕ ಇಲ್ಲದಿದ್ದರೆ ಹೆದರಬೇಕಾಗಿಲ್ಲ. ಯಾವ ತಿಂಗಳಲ್ಲಿ ಎಷ್ಟು ಮೂಟೆ ಮಾಲು ಬಂತು, ಯಾವಾಗ ಕೈಸಾಲ ಮಾಡಬೇಕಾಯಿತು, ಯಾವಾಗ ತೀರಿಸಿದ್ದಾಯಿತು ಎಂದು ಕೇಳುತ್ತಾ ಹೋದರೆ ಆಕೆಯ ನೆನಪಿನಿಂದಲೇ ಪಟ್ಟಿ ಸಿದ್ಧವಾಗುತ್ತದೆ. ಈ ಮಾತುಕತೆಯಲ್ಲಿ ಇನ್ನೂ ಮೂರು ಸಂಗತಿಗಳನ್ನು ತಪ್ಪದೆ ತಿಳಿದುಕೊಳ್ಳಬೇಕು. ಯಂತ್ರ, ಜಾಗ, ಫೋನ್, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿವೆ ಎಂಬುದು ಒಂದು. ಬಂದ ಹಣ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು. ಮನೆಗೆಲಸ, ಮಕ್ಕಳು ಮತ್ತು ಹಿರಿಯರ ಆರೈಕೆ ಮುಗಿಸಿ ಉದ್ಯಮಕ್ಕೆ ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂಬುದು ಮೂರನೆಯದು. ದಿನಕ್ಕೆ ನಾಲ್ಕು ಗಂಟೆ ಬಿಡುವಿರುವವಳಿಗೆ ಎಂಟು ಗಂಟೆ ನಡೆಸಬೇಕಾದ ಯಂತ್ರವನ್ನು ಸಾಲದಲ್ಲಿ ಕೊಡಿಸಿದರೆ, ಅದು ಅರ್ಧ ದಿನ ಸುಮ್ಮನೆ ನಿಂತಿರುತ್ತದೆ, ಕಂತು ಮಾತ್ರ ಪೂರ್ತಿ ಕಟ್ಟಬೇಕಾಗುತ್ತದೆ.

ತಿಂಗಳ ಲೆಕ್ಕ ಏಕೆ ಅಷ್ಟು ಮುಖ್ಯ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಒಣಗಿಸುವ ಯಂತ್ರವಿಟ್ಟುಕೊಂಡ ಒಬ್ಬಾಕೆಗೆ ಸುಗ್ಗಿಯ ನಾಲ್ಕು ತಿಂಗಳಲ್ಲಿ ತಿಂಗಳಿಗೆ 100 ಪಾಲು (ಯಾವ ಹಣದಲ್ಲಾದರೂ ಎಣಿಸಿಕೊಳ್ಳಿ), ಉಳಿದ ಎಂಟು ತಿಂಗಳಲ್ಲಿ ತಿಂಗಳಿಗೆ 10 ಪಾಲು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಟ್ಟು 480 ಪಾಲು. ಸಾಲದ ಕಂತು ತಿಂಗಳಿಗೆ 20ರಂತೆ ವರ್ಷಕ್ಕೆ 240. ವಾರ್ಷಿಕ ಲೆಕ್ಕ ನೋಡಿದ ಅಧಿಕಾರಿಗೆ, ಕಟ್ಟಬೇಕಾದ್ದರ ಎರಡರಷ್ಟು ಆದಾಯವಿದೆ, ಸಾಲ ಸುಭದ್ರ ಎನ್ನಿಸುತ್ತದೆ. ಆದರೆ ವರ್ಷದ ಎಂಟು ತಿಂಗಳಲ್ಲಿ ಆಕೆಗೆ ಪ್ರತಿ ತಿಂಗಳೂ 10 ಪಾಲು ಕಡಿಮೆ ಬೀಳುತ್ತದೆ. ಸುಗ್ಗಿಯ ಹಣವನ್ನು ಉಳಿಸಿಟ್ಟುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ಆಕೆಯದೇ ಆದ, ಬೇರೆಯವರ ಕೈ ತಾಗದ ಉಳಿತಾಯ ಖಾತೆ ಇಲ್ಲದಿದ್ದರೆ, ಮನೆಯಲ್ಲಿ ಕಾಣುವ ಹಣಕ್ಕೆ ಮದುವೆ, ಔಷಧಿ, ಹಳೆಯ ಸಾಲ ಎಂದು ಹತ್ತು ದಾರಿಗಳು ತೆರೆದುಕೊಳ್ಳುತ್ತವೆ. ಇದೇ ಸಾಲವನ್ನು ಸುಗ್ಗಿಯ ತಿಂಗಳಿಗೆ 55, ಉಳಿದ ತಿಂಗಳಿಗೆ ಎರಡೂವರೆ ಪಾಲಿನಂತೆ ಹಂಚಿದರೂ ವರ್ಷಕ್ಕೆ ಸೇರುವುದು ಅದೇ 240. ಬಡ್ಡಿಯನ್ನು ಒಂದು ಪೈಸೆಯೂ ಇಳಿಸದೆ, ವಾಯಿದೆಯನ್ನು ಒಂದು ದಿನವೂ ಹಿಗ್ಗಿಸದೆ, ತಿಂಗಳ ಆದಾಯಕ್ಕೆ ತಕ್ಕಂತೆ ಕಂತಿನ ಮೊತ್ತವನ್ನಷ್ಟೇ ಬದಲಿಸಿ ಸುಸ್ತಿಯಾಗಬಹುದಾದ ಸಾಲವನ್ನು ತೀರುವ ಸಾಲವನ್ನಾಗಿ ಮಾಡಬಹುದು. ಈ ಒಂದು ಕೆಲಸಕ್ಕೆ ಯಾವ ದೊಡ್ಡ ನಿಧಿಯ ಅನುಮತಿಯೂ ಬೇಡ, ನಾಳೆಯೇ ಆರಂಭಿಸಬಹುದು.

ಯಾವುದಕ್ಕೆ ಅನುದಾನ, ಯಾವುದಕ್ಕೆ ಸಾಲ, ಯಾವುದಕ್ಕೆ ಖಾತರಿ

ಎಲ್ಲ ಅಗತ್ಯಕ್ಕೂ ಸಾಲವೇ ಮದ್ದಲ್ಲ. ಹೊಸ ಯಂತ್ರವನ್ನು ಮೊದಲ ಬಾರಿ ಪ್ರಯೋಗಿಸಿ ನೋಡುವುದು, ತರಬೇತಿ, ಉತ್ಪನ್ನದ ಗುಣಮಟ್ಟ ಪರೀಕ್ಷೆ, ನೋಂದಣಿಯ ಖರ್ಚು – ಇವು ವಿಫಲವಾಗುವ ಸಂಭವವಿರುವ ಅಥವಾ ತಕ್ಷಣ ಆದಾಯ ತಾರದ ಬಾಬ್ತುಗಳಾದ್ದರಿಂದ ಅನುದಾನದಿಂದಲೇ ಭರಿಸಬೇಕು. ಗಳಿಕೆ ಖಚಿತವಾಗಿರುವ ಯಂತ್ರಕ್ಕೆ ಸಾಲ ಸರಿ. ಎಲ್ಲರೂ ಮರೆಯುವುದು ದುಡಿಯುವ ಬಂಡವಾಳವನ್ನು. ಯಂತ್ರ ಬಂದಿರುತ್ತದೆ, ಉದ್ಘಾಟನೆಯಾಗಿರುತ್ತದೆ, ಫೋಟೊ ತೆಗೆದಿರುತ್ತಾರೆ. ಸುಗ್ಗಿಯಲ್ಲಿ ಕಚ್ಚಾ ಮಾಲು ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ. ಯಂತ್ರದ ಸಾಲ ಮಂಜೂರು ಮಾಡುವಾಗಲೇ ಮೊದಲ ಸುಗ್ಗಿಯ ಖರೀದಿಗೆ ಬೇಕಾದ ಹಣವನ್ನೂ ಪ್ರತ್ಯೇಕ ಅಲ್ಪಾವಧಿ ಸಾಲವಾಗಿ ಸೇರಿಸುವುದು ಒಳ್ಳೆಯದು. ಇನ್ನೊಂದು ದಾರಿ ಮಾಲನ್ನು ಮೊದಲು ಕೊಟ್ಟು, ಮಾರಾಟವಾದ ಮೇಲೆ ಹಣ ಪಡೆಯುವುದು. ಸೌರದೀಪ ಮತ್ತು ಸುಧಾರಿತ ಒಲೆಗಳನ್ನು ಮನೆಮನೆಗೆ ಒಯ್ದು ಮಾರುವ ಮಹಿಳೆಯರಿಗೆ ಈ ಏರ್ಪಾಡು ಚೆನ್ನಾಗಿ ಒಗ್ಗುತ್ತದೆ.

ಅಡಮಾನದ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಕೃಷಿಭೂಮಿಯ ಹಿಡುವಳಿದಾರರಲ್ಲಿ ಮಹಿಳೆಯರು ಶೇ. 15ಕ್ಕಿಂತ ಕಡಿಮೆ. ಭೂಮಿಯ ಪತ್ರ ತನ್ನಿ ಎಂದ ಕೂಡಲೇ ಬಹುಪಾಲು ಮಹಿಳೆಯರಿಗೆ ಬಾಗಿಲು ಮುಚ್ಚಿದಂತೆಯೇ. ಇದಕ್ಕೆ ಕೆಲವು ಪರಿಹಾರಗಳಿವೆ. ಕೊಳ್ಳುವ ಯಂತ್ರವನ್ನೇ ಒತ್ತೆಯಾಗಿ ಪರಿಗಣಿಸಬಹುದು. ಚರಾಸ್ತಿಯನ್ನು ಅಡಮಾನವಾಗಿ ನೋಂದಾಯಿಸುವ ಕಾನೂನು ನಿಮ್ಮ ದೇಶದಲ್ಲಿದೆಯೇ ಎಂದು ವಿಚಾರಿಸಿ. ಇಂಥ ಕಾನೂನಿಗೆ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2016ರಲ್ಲಿ ಮಾದರಿಯೊಂದನ್ನು ಅಂಗೀಕರಿಸಿದೆ. ಗುಂಪಿನ ಉಳಿತಾಯದ ದಾಖಲೆ, ಹಿಂದಿನ ಸಣ್ಣ ಸಾಲಗಳನ್ನು ತೀರಿಸಿದ ದಾಖಲೆ ಇವುಗಳನ್ನು ಅರ್ಹತೆಯ ಆಧಾರವಾಗಿ ಒಪ್ಪಬಹುದು. ಬ್ಯಾಂಕಿನವರು ಇದಕ್ಕೂ ಹಿಂದೆಗೆದರೆ, ಹವಾಮಾನ ನಿಧಿಯ ಹಣವನ್ನು ನೇರ ಸಾಲವಾಗಿ ಹಂಚುವ ಬದಲು ನಷ್ಟದ ಮೊದಲ ಪಾಲನ್ನು ಹೊರುವ ಖಾತರಿ ಮೊತ್ತವಾಗಿ ಇಡಬೇಕು. ಉದಾಹರಣೆಗೆ 100 ಪಾಲು ಸಾಲದಲ್ಲಿ ಮೊದಲ 10 ಪಾಲು ನಷ್ಟವನ್ನು ನಿಧಿ ಭರಿಸುತ್ತದೆಂದು ಒಪ್ಪಂದವಾದರೆ, ಅದೇ 10 ಪಾಲಿನ ಬಲದಿಂದ ಬ್ಯಾಂಕು ತನ್ನ 100 ಪಾಲನ್ನು ಹೊರಗೆ ಬಿಡುತ್ತದೆ. ಆದರೆ ಖಾತರಿಯನ್ನು ಪೂರ್ತಿ 100ಕ್ಕೆ ಏರಿಸಬಾರದು. ನಷ್ಟದಲ್ಲಿ ತನ್ನ ಪಾಲಿಲ್ಲದ ಬ್ಯಾಂಕು ಸಾಲ ಪಡೆದವಳ ಕಡೆ ತಿರುಗಿ ನೋಡುವುದಿಲ್ಲ.

ವಿಮೆಯ ವಿಷಯದಲ್ಲಿ ಕಲಿಯುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಗುಜರಾತಿನ ‘ಸೇವಾ’ (SEWA) ಸಂಘಟನೆಯದು. 1972ರಲ್ಲಿ ಇಳಾ ಭಟ್ ಸ್ಥಾಪಿಸಿದ ಈ ಸ್ವಉದ್ಯೋಗಿ ಮಹಿಳೆಯರ ಸಂಘ 2023ರಲ್ಲಿ ತನ್ನ ಸದಸ್ಯೆಯರಿಗೆ ಬಿಸಿಗಾಳಿ ವಿಮೆಯನ್ನು ತಂದಿತು. ಉಷ್ಣಾಂಶ ಮೊದಲೇ ಗೊತ್ತುಪಡಿಸಿದ ಮಿತಿಯನ್ನು ಇಷ್ಟು ದಿನ ಸತತವಾಗಿ ದಾಟಿದರೆ, ನಷ್ಟದ ತಪಾಸಣೆಯೇ ಇಲ್ಲದೆ ಹಣ ಖಾತೆಗೆ ಬರುವ ಬಗೆಯ ವಿಮೆ ಇದು. ಮೊದಲ ವರ್ಷ ಮಿತಿ ದಾಟಲಿಲ್ಲ, ಪರಿಹಾರವೂ ಬರಲಿಲ್ಲ. ಮಿತಿಯನ್ನು ಮರುರೂಪಿಸಿದ ಬಳಿಕ 2024ರ ಬೇಸಿಗೆಯಲ್ಲಿ ವಿಮೆಯೊಳಗಿದ್ದ ಸುಮಾರು 50,000 ಮಹಿಳೆಯರಲ್ಲಿ ಬಹುಪಾಲು ಮಂದಿಗೆ ಹಣ ತಲುಪಿತು. ಆದ್ದರಿಂದ ಇಂಥ ವಿಮೆಯನ್ನು ಒಪ್ಪಿಕೊಳ್ಳುವ ಮೊದಲು, ಕಳೆದ ಹತ್ತು ವರ್ಷಗಳ ಹವಾಮಾನ ದಾಖಲೆಗೆ ಆ ಮಿತಿಯನ್ನು ಹಚ್ಚಿ, ಯಾವ ಯಾವ ವರ್ಷ ಪರಿಹಾರ ಬರುತ್ತಿತ್ತು ಎಂದು ಲೆಕ್ಕ ಹಾಕಿಸಿ. ಮಹಿಳೆಯರು ಕಷ್ಟದ ವರ್ಷಗಳೆಂದು ನೆನಪಿಟ್ಟುಕೊಂಡಿರುವುದಕ್ಕೂ ಈ ಪಟ್ಟಿಗೂ ತಾಳೆಯಾಗದಿದ್ದರೆ ಮಿತಿ ತಪ್ಪಾಗಿದೆ ಎಂದೇ ಅರ್ಥ.

ಕಾರ್ಬನ್ ಕ್ರೆಡಿಟ್ (ಇಂಗಾಲದ ಹೊಗೆ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರಿ ಹಣ ತರುತ್ತೇವೆಂದು ಬರುವವರ ಬಳಿ ಹೆಚ್ಚು ಎಚ್ಚರ ಬೇಕು. ಸುಧಾರಿತ ಒಲೆಯಿಂದ ಉಳಿಯುವ ಸೌದೆಯ ಲೆಕ್ಕದ ಮೇಲೆ ಕ್ರೆಡಿಟ್ ಸಿಗುತ್ತದೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ, ತಾವು ಪರಿಶೀಲಿಸಿದ ಒಲೆ ಯೋಜನೆಗಳು ನಿಜವಾದ ಉಳಿತಾಯಕ್ಕಿಂತ ಸರಾಸರಿ ಒಂಬತ್ತು ಪಟ್ಟು ಹೆಚ್ಚು ಕ್ರೆಡಿಟ್ ತೋರಿಸಿದ್ದವು ಎಂದು ಹೇಳಿತು. ಲೆಕ್ಕ ಸುಳ್ಳೆಂದು ಬಯಲಾದ ದಿನ ಬೆಲೆ ಕುಸಿಯುತ್ತದೆ, ಒಲೆ ಕಟ್ಟುವವಳ ಆದಾಯವೂ ಅದರೊಂದಿಗೇ ಕುಸಿಯುತ್ತದೆ. ಅಲ್ಲದೆ ಒಲೆ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಕ್ರೆಡಿಟ್‌ನ ಹಕ್ಕನ್ನು ಬಳಕೆದಾರಳು ಬಿಟ್ಟುಕೊಟ್ಟಿದ್ದಾಳೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಆ ಸಾಲನ್ನು ಆಕೆಯ ಭಾಷೆಯಲ್ಲಿ ಓದಿ ಹೇಳದೆ, ಮಾರಾಟದ ಹಣದಲ್ಲಿ ಆಕೆಗೆಷ್ಟು ಎಂದು ಬರವಣಿಗೆಯಲ್ಲಿ ಕೊಡದೆ ಸಹಿ ಪಡೆಯುವುದು ಅನ್ಯಾಯ. ಉದ್ಯಮವು ಕ್ರೆಡಿಟ್‌ನ ಹಣವಿಲ್ಲದೆಯೂ ನಡೆಯುವಂತಿರಬೇಕು. ಬಂದರೆ ಅದು ಹೆಚ್ಚುವರಿ ಲಾಭವಷ್ಟೇ ಆಗಿರಬೇಕು.

ನಿಧಿಯ ಬಾಗಿಲುಗಳು

ನೂರಾರು ಮಹಿಳೆಯರ ಲೆಕ್ಕಗಳು ಕೈಯಲ್ಲಿದ್ದಾಗ ಬಾಗಿಲು ತಟ್ಟುವುದು ಸುಲಭ. ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಪರಿಸರ ಯೋಜನೆಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿಯಾದ ಜಾಗತಿಕ ಪರಿಸರ ಸೌಲಭ್ಯದ (GEF) ಸಣ್ಣ ಅನುದಾನ ಕಾರ್ಯಕ್ರಮವನ್ನು. 1992ರಿಂದ ನಡೆಯುತ್ತಿರುವ ಇದನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನಿರ್ವಹಿಸುತ್ತಾ ಬಂದಿದೆ. ಇದರ ಅನುದಾನಗಳು ಬಹುಕಾಲದಿಂದ 50,000 ಡಾಲರ್‌ಗಳ ಆಸುಪಾಸಿನ ಮಿತಿಯೊಳಗಿವೆ, ಹಣ ನೇರವಾಗಿ ಸಮುದಾಯ ಸಂಘಟನೆಗಳಿಗೆ ಸಿಗುತ್ತದೆ, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ರಾಷ್ಟ್ರೀಯ ಸಮಿತಿಯಲ್ಲಿ ಸರ್ಕಾರೇತರ ಸದಸ್ಯರೇ ಹೆಚ್ಚು. ಇಲ್ಲಿ ನಡೆಸಿದ ಚಿಕ್ಕ ಯೋಜನೆಯ ಲೆಕ್ಕಪರಿಶೋಧನಾ ವರದಿ ಮುಂದೆ ದೊಡ್ಡ ನಿಧಿಯ ಬಳಿ ಹೋಗುವಾಗ ನಿಮ್ಮ ಅತ್ಯುತ್ತಮ ದಾಖಲೆಯಾಗುತ್ತದೆ.

ಹಸಿರು ಹವಾಮಾನ ನಿಧಿ 2010ರ ಕಾನ್‌ಕುನ್ ಸಮಾವೇಶದಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿದೆ. ಅದು ಸಣ್ಣ ಸಂಘಟನೆಯೊಂದಿಗೆ ನೇರ ವ್ಯವಹಾರ ಮಾಡುವುದಿಲ್ಲ. ಪ್ರತಿ ದೇಶದಲ್ಲೂ ಯೋಜನೆಗಳಿಗೆ ದೇಶದ ಪರವಾಗಿ ಸಮ್ಮತಿ ಕೊಡುವ ಒಂದು ಸರ್ಕಾರಿ ಪ್ರಾಧಿಕಾರ ಇರುತ್ತದೆ, ನಿಧಿ ಹಣವನ್ನು ತನ್ನ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ನೀಡುತ್ತದೆ. ಹಾಗಾಗಿ ನಿಮ್ಮ ದೇಶದ ಮಾನ್ಯತೆ ಪಡೆದ ಬ್ಯಾಂಕು ಅಥವಾ ಸಂಸ್ಥೆ ಯಾವುದೆಂದು ಪತ್ತೆ ಹಚ್ಚಿ, ಅದರ ಮುಂದಿನ ಯೋಜನೆಯಲ್ಲಿ ಅನುಷ್ಠಾನ ಪಾಲುದಾರರಾಗಿ ಸೇರಿಕೊಳ್ಳುವುದೇ ಸರಿಯಾದ ದಾರಿ. ಮಂಗೋಲಿಯಾದ ಖಾಸ್ ಬ್ಯಾಂಕಿಗೆ 2016ರಲ್ಲಿ ಇದೇ ನಿಧಿಯಿಂದ ಮಂಜೂರಾದ ಸಣ್ಣ ಉದ್ಯಮಗಳ ಸಾಲ ಯೋಜನೆಯಲ್ಲಿ, ಸಾಲಗಳ ಅರ್ಧದಷ್ಟು ಮಹಿಳೆಯರು ಮುನ್ನಡೆಸುವ ಉದ್ಯಮಗಳಿಗೆ ಹೋಗಬೇಕೆಂಬ ಗುರಿ ಇತ್ತು. ಇಂಥ ಸಂಖ್ಯೆ ಒಪ್ಪಂದದೊಳಗೆ ಬರೆದಿದ್ದರೆ ಮಾತ್ರ ಕೆಳಗಿನ ಶಾಖೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ರಾಷ್ಟ್ರೀಯ ಸಂಸ್ಥೆಗಳು ನೇರವಾಗಿ ಹಣ ಪಡೆಯುವ ಪದ್ಧತಿಯನ್ನು ಮೊದಲು ರೂಢಿಗೆ ತಂದದ್ದು ‘ಹೊಂದಾಣಿಕೆ ನಿಧಿ’ ಎಂಬ ಇನ್ನೊಂದು ಅಂತರರಾಷ್ಟ್ರೀಯ ನಿಧಿ. ಬರ, ಪ್ರವಾಹಗಳಿಗೆ ಹೊಂದಿಕೊಳ್ಳುವ ಉದ್ಯಮಗಳಾದರೆ ಅಲ್ಲಿಯೂ ವಿಚಾರಿಸಬೇಕು.

ಅರ್ಜಿಯ ಆ ಒಂದು ಸಾಲು

ಹಸಿರು ಹವಾಮಾನ ನಿಧಿಯ 2019ರ ಲಿಂಗ ನೀತಿಯಂತೆ ಪ್ರತಿ ಯೋಜನಾ ಪ್ರಸ್ತಾವದೊಂದಿಗೂ ಲಿಂಗಾಧಾರಿತ ವಿಶ್ಲೇಷಣೆ ಮತ್ತು ಕ್ರಿಯಾಯೋಜನೆ ಇರಲೇಬೇಕು. ಈ ನಿಯಮವನ್ನು ಕಾಟಾಚಾರಕ್ಕೆ ಪೂರೈಸುವುದೂ ಸಾಧ್ಯ, ಅಸ್ತ್ರವಾಗಿ ಬಳಸಿಕೊಳ್ಳುವುದೂ ಸಾಧ್ಯ. ಅನೇಕ ಪ್ರಸ್ತಾವಗಳಲ್ಲಿ ಕಾಣುವ ವಾಕ್ಯ ಹೀಗಿರುತ್ತದೆ: ‘ಈ ಯೋಜನೆಯಿಂದ ಮಹಿಳೆಯರೂ ಸೇರಿದಂತೆ ಎಲ್ಲ ಫಲಾನುಭವಿಗಳಿಗೆ ಅನುಕೂಲವಾಗುತ್ತದೆ.’ ಈ ವಾಕ್ಯ ಯಾರನ್ನೂ ಯಾವುದಕ್ಕೂ ಹೊಣೆಯಾಗಿಸುವುದಿಲ್ಲ. ಇದರ ಜಾಗದಲ್ಲಿ ಹೀಗೆ ಬರೆಯಿರಿ: ‘ಮೂರನೆಯ ವರ್ಷದ ಅಂತ್ಯಕ್ಕೆ ಯೋಜನೆಯ ಸಾಲದಿಂದ ಕೊಂಡ ಒಣಗಿಸುವ ಘಟಕಗಳಲ್ಲಿ ಕನಿಷ್ಠ ಶೇ. 60 ಮಹಿಳೆಯರ ಹೆಸರಿನಲ್ಲಿಯೇ ನೋಂದಣಿಯಾಗಿರತಕ್ಕದ್ದು. ತರಬೇತಿಯ ದಿನಗಳಲ್ಲಿ ಮಕ್ಕಳ ಆರೈಕೆಯ ವೆಚ್ಚವನ್ನು ತರಬೇತಿ ಬಾಬ್ತಿನಿಂದ ಭರಿಸತಕ್ಕದ್ದು. ಒಕ್ಕೂಟದ ಲೆಕ್ಕಾಧಿಕಾರಿ ಆರು ತಿಂಗಳಿಗೊಮ್ಮೆ ಸಾಲದ ಬಾಕಿಯನ್ನು ಹೆಣ್ಣು, ಗಂಡು ಎಂದು ಪ್ರತ್ಯೇಕಿಸಿ ವರದಿ ಸಲ್ಲಿಸತಕ್ಕದ್ದು.’ ಇದರಲ್ಲಿ ಸಂಖ್ಯೆಯಿದೆ, ಗಡುವಿದೆ, ಹಣದ ಮೂಲವಿದೆ, ಹೊಣೆ ಹೊತ್ತವರ ಹುದ್ದೆಯಿದೆ. ‘ಹೆಸರಿನಲ್ಲಿಯೇ’ ಎಂಬ ಪದವನ್ನು ಬಿಟ್ಟರೆ ಸಾಲ ಆಕೆಯ ತಲೆಯ ಮೇಲೆ, ಯಂತ್ರ ಮತ್ತೊಬ್ಬರ ಸ್ವತ್ತಾಗಿ ಉಳಿಯುತ್ತದೆ.

ಅರ್ಜಿ ಬರೆಯುವ, ವರದಿ ಸಲ್ಲಿಸುವ, ದಾಖಲೆ ಜೋಡಿಸುವ ಕೆಲಸಕ್ಕೆ ಬೇಕಾದ ಸಿಬ್ಬಂದಿಯ ವೆಚ್ಚವನ್ನೂ ಪ್ರಸ್ತಾವದಲ್ಲಿ ಸಂಕೋಚವಿಲ್ಲದೆ ಕೇಳಬೇಕು. ದಾಖಲೆಗಳ ಪಟ್ಟಿ ಹನುಮಂತನ ಬಾಲದಂತೆ ಬೆಳೆಯುತ್ತದೆ. ಅದನ್ನು ಸಂಸ್ಥೆ ಹೊರದಿದ್ದರೆ ಕೊನೆಗೆ ಆ ಹೊರೆ ಬೀಳುವುದು ಆಕೆಯ ಮೇಲೆಯೇ. ಆಕೆ ತುಂಬಬೇಕಾದ ನಮೂನೆ ಒಂದು ಪುಟ ಮೀರಬಾರದು ಎಂಬ ನಿಯಮವನ್ನು ನೀವೇ ಹಾಕಿಕೊಳ್ಳಿ.

ನೀತಿಯ ಕಡೆಗೆ

ಸಾಲ ಎಷ್ಟೇ ಚೆನ್ನಾಗಿ ಹೊಲಿದಿದ್ದರೂ, ನೋಂದಣಿಯ ನಿಯಮ, ತೆರಿಗೆ ಮತ್ತು ಮಾರುಕಟ್ಟೆ ಎದುರಾಗಿದ್ದರೆ ಉದ್ಯಮ ಉಳಿಯುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಲೆಕ್ಕಗಳನ್ನೇ ಸಾಕ್ಷ್ಯವಾಗಿಟ್ಟುಕೊಂಡು ನೀತಿ ರೂಪಿಸುವವರ ಮುಂದೆ ಹೋಗಬೇಕು. ಪ್ಯಾರಿಸ್ ಒಪ್ಪಂದದ 7ನೆಯ ವಿಧಿ ಹೊಂದಾಣಿಕೆಯ ಕ್ರಮಗಳು ಲಿಂಗ ಸಂವೇದಿಯಾಗಿರಬೇಕೆಂದು ಹೇಳುತ್ತದೆ. 2014ರಲ್ಲಿ ಲಿಮಾದ ಹವಾಮಾನ ಸಮಾವೇಶದಲ್ಲಿ ಆರಂಭವಾದ ಲಿಂಗ ಕಾರ್ಯಕ್ರಮವನ್ನು 2024ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಲಾಗಿದೆ. ಪ್ರತಿ ದೇಶವೂ ಐದು ವರ್ಷಕ್ಕೊಮ್ಮೆ ತನ್ನ ಹವಾಮಾನ ಬದ್ಧತೆಯ ದಾಖಲೆಯನ್ನು ನವೀಕರಿಸಬೇಕು. ಆ ಕರಡಿನ ಮೇಲೆ ಸಲಹೆ ಕೇಳುವ ದಿನಾಂಕವನ್ನು ತಿಳಿದಿಟ್ಟುಕೊಂಡು, ಮಹಿಳಾ ಸಬಲೀಕರಣದ ಬಗ್ಗೆ ಒಂದು ಸುಂದರ ವಾಕ್ಯ ಸೇರಿಸಿ ಎಂದು ಕೇಳುವುದಕ್ಕಿಂತ, ಇಂಥ ಇಲಾಖೆಯ ಇಂಥ ಬಾಬ್ತಿನಲ್ಲಿ ಮಹಿಳಾ ಉದ್ಯಮಗಳಿಗೆ ಇಷ್ಟು ಪಾಲು ಎಂದು ಕೇಳುವುದು ಸಾವಿರ ಪಾಲು ಮೇಲು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೇಗ ಫಲ ಕೊಡುವ ನೀತಿಯೆಂದರೆ ಸರ್ಕಾರಿ ಖರೀದಿಯದು. ಸಸಿ, ಗೊಬ್ಬರ, ಸೌರದೀಪದ ನಿರ್ವಹಣೆ, ಕಸ ವಿಲೇವಾರಿ ಇವೆಲ್ಲವನ್ನೂ ಸ್ಥಳೀಯ ಆಡಳಿತಗಳು ಹೇಗೂ ಕೊಳ್ಳುತ್ತವೆ. ಟೆಂಡರನ್ನು ಸಣ್ಣ ತುಂಡುಗಳಾಗಿ ಕರೆಯುವುದು, ಠೇವಣಿಯಿಂದ ವಿನಾಯಿತಿ ಕೊಡುವುದು, 30 ದಿನಗಳೊಳಗೆ ಬಿಲ್ ಪಾವತಿಸುವುದು – ಈ ಮೂರನ್ನು ಒಪ್ಪಿಸಿದರೆ ಮಹಿಳಾ ಗುಂಪುಗಳಿಗೆ ಖಚಿತ ಗಿರಾಕಿ ಸಿಕ್ಕಂತೆ. ಮೂರರಲ್ಲಿ ಪಾವತಿಯದೇ ಪ್ರಾಣ. ಬಿಲ್ ಆರು ತಿಂಗಳು ತಡವಾದರೆ ದೊಡ್ಡ ಗುತ್ತಿಗೆದಾರ ತಾಳಿಕೊಳ್ಳುತ್ತಾನೆ, ಸಸಿ ಬೆಳೆಸುವವಳ ದುಡಿಯುವ ಬಂಡವಾಳ ಅಲ್ಲೇ ಹೂತುಹೋಗುತ್ತದೆ.

ಹಣ ಎಲ್ಲಿ ಖರ್ಚಾಗಬೇಕೆಂದು ತೀರ್ಮಾನಿಸುವ ಸಮಿತಿಯನ್ನೇ ಕೆಳಕ್ಕೆ ಇಳಿಸಿದ ಮಾದರಿಯೂ ಇದೆ. ಕೀನ್ಯಾದ ಇಸಿಯೊಲೊ, ಮಾಕುಯೆನಿ, ವಾಜಿರ್, ಗರಿಸ್ಸಾ, ಕಿತುಯಿ ಕೌಂಟಿಗಳಲ್ಲಿ ಆರಂಭವಾದ ಹವಾಮಾನ ನಿಧಿಗಳಲ್ಲಿ ಸಮುದಾಯದವರೇ ಆರಿಸಿದ ವಾರ್ಡ್ ಸಮಿತಿಗಳು ಯಾವ ಕಾಮಗಾರಿಗೆ ಹಣ ಎಂದು ನಿರ್ಧರಿಸುತ್ತವೆ. ಇಂಥ ಸಮಿತಿಗಳಲ್ಲಿ ಮಹಿಳೆಯರಿಗೆ ಕುರ್ಚಿ ಕೊಟ್ಟರೆ ಸಾಲದು. ಸಭೆಯ ಹೊತ್ತನ್ನು ಅವರ ಬಿಡುವಿಗೆ ಹೊಂದಿಸಬೇಕು, ಓಡಾಟದ ಖರ್ಚು ಕೊಡಬೇಕು, ಚೆಕ್‌ಗೆ ಸಹಿ ಹಾಕುವವರಲ್ಲಿ ಒಬ್ಬಳಾದರೂ ಮಹಿಳೆ ಇರಬೇಕು.

ಹಣ ತಲುಪಿದ ಮೇಲೆ

ಮೊದಲ ಕಂತಿನ ದಿನಕ್ಕಿಂತ ಮುಂಚೆ ಒಮ್ಮೆ, ಮೊದಲ ಸುಗ್ಗಿ ಮುಗಿದ ವಾರದಲ್ಲಿ ಒಮ್ಮೆ ಆಕೆಯ ಬಳಿಗೆ ಹೋಗಿ ಅದೇ ಹನ್ನೆರಡು ತಿಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಊಹಿಸಿದ್ದೆಷ್ಟು, ಆದದ್ದೆಷ್ಟು ಎಂದು ಕೂಡಿ ನೋಡಿ. ಯಂತ್ರ ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿಯವರು ಬಂದರು ಎಂದು ಬರೆದಿಟ್ಟುಕೊಳ್ಳಿ, ಏಕೆಂದರೆ ಸುಗ್ಗಿಯಲ್ಲಿ ನಿಂತ ಹತ್ತು ದಿನ ಇಡೀ ವರ್ಷದ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಅದೇ ಪ್ರದೇಶದ ಒಂದಿಬ್ಬರು ಮಹಿಳೆಯರಿಗೆ ರಿಪೇರಿ ತರಬೇತಿ ಕೊಡಿಸಿ ಬಿಡಿಭಾಗಗಳನ್ನು ಒಕ್ಕೂಟದಲ್ಲಿಯೇ ದಾಸ್ತಾನಿಟ್ಟರೆ ಇದು ತಪ್ಪುತ್ತದೆ. ಬರ ಅಥವಾ ಪ್ರವಾಹ ಬಂದ ವರ್ಷ ಕಂತುಗಳನ್ನು ದಂಡವಿಲ್ಲದೆ ಮುಂದಕ್ಕೆ ಹಾಕುವ ಷರತ್ತನ್ನು ಸಾಲಪತ್ರದಲ್ಲಿಯೇ ಬರೆದಿರಬೇಕು, ಯಾವ ಅಧಿಕಾರಿಯ ದಯೆಗೂ ಬಿಡಬಾರದು. ಯಾವ ಇಲಾಖೆಯ ಯಾವ ಘೋಷಣೆ ಹೊರಬಿದ್ದ ದಿನದಿಂದ ಈ ಷರತ್ತು ಜಾರಿಗೆ ಬರುತ್ತದೆ ಎಂಬುದನ್ನು ಆಕೆಗೆ ಓದಿ ಹೇಳಿ, ಸಾಲಪತ್ರದ ಒಂದು ಪ್ರತಿಯನ್ನು ಆಕೆಯ ಕೈಗೇ ಕೊಡಬೇಕು.